ಗಡಿನಾಡ ಮಕ್ಕಳ ಮನೆಪಾಠಕ್ಕೆ ಪುಕ್ಕಟೆ ಅಂತರ್ಜಾಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳು ಕೇರಳದ ಕಾಸರಗೋಡಿನ ಹಲವು ಊರುಗಳಿಂದ, ಜೊತೆಗೆ ಮಹಾರಾಷ್ಟ್ರದ ಅಕ್ಕಲಕೋಟೆ, ತಮಿಳುನಾಡಿನ ತಾಳವಾಡಿ, ಆಂಧ್ರದ ಮಡಕಶಿರಾಗಳಿಂದ ಬಂದಿವೆ. ಎಲ್ಲರ ತೊಡಕಿನ ಬುಡ ಒಂದೇ. ಮನೆಮಾತು ಕನ್ನಡ, ಶಾಲೆ ಬೇರೆ ರಾಜ್ಯದ್ದು, ಮೊಬೈಲಿನಲ್ಲಿ ಕನ್ನಡದಲ್ಲಿ ಸಿಗುವ ಪಾಠಗಳಲ್ಲಿ ಹೆಚ್ಚಿನವು ಕರ್ನಾಟಕದ ಪಠ್ಯಕ್ಕೆ ಹೊಂದಿಸಿದವು. ಹಾಗಾಗಿ ಹೊಸ ಹೊಸ ಆ್ಯಪುಗಳ ಹೆಸರು ಪೋಣಿಸುವುದನ್ನು ಬಿಟ್ಟು, ಮಗುವಿನ ಕೈಯಲ್ಲಿರುವ ಪುಸ್ತಕಕ್ಕೆ ಇವನ್ನು ಕೂಡಿಸಿಕೊಳ್ಳುವ ಬಗೆಯನ್ನೇ ಹೆಚ್ಚಾಗಿ ಹೇಳಿದ್ದೇವೆ.

ಪ್ರಶ್ನೆ: ಮಗಳು ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ನಾಲ್ಕನೇ ತರಗತಿ. ಯೂಟ್ಯೂಬಿನಲ್ಲಿ ‘ನಾಲ್ಕನೇ ತರಗತಿ ಗಣಿತ’ ಎಂದು ಹಾಕಿದರೆ ಬರುವುದೆಲ್ಲ ಕರ್ನಾಟಕದ ಪಾಠ. ಅವರ ಮೂರನೇ ಪಾಠವೇ ಬೇರೆ, ನಮ್ಮದೇ ಬೇರೆ. ಅವಳಿಗೆ ಗಲಿಬಿಲಿಯಾಗುತ್ತದೆ. ತೋರಿಸುವುದೋ ಬಿಡುವುದೋ?
— ಒಬ್ಬ ತಾಯಿ, ಮಂಜೇಶ್ವರ

ಉತ್ತರ: ತೋರಿಸಿ, ಆದರೆ ಪಾಠದ ಸಂಖ್ಯೆ ನೋಡಿ ಹುಡುಕಬೇಡಿ. ಕೇರಳದ ಕನ್ನಡ ಮಾಧ್ಯಮದ ಪುಸ್ತಕವನ್ನು ಅಲ್ಲಿನ ಸರಕಾರಿ ಪಠ್ಯಕ್ರಮ ಸಂಸ್ಥೆಯಾದ ಎಸ್‌ಸಿಇಆರ್‌ಟಿ ತಯಾರಿಸುತ್ತದೆ, ಕರ್ನಾಟಕದ್ದನ್ನು ಅಲ್ಲಿನ ಪಠ್ಯಪುಸ್ತಕ ಸಂಘ ಹೊರತರುತ್ತದೆ. ಭಾಷೆ ಒಂದಾದರೂ ಪಾಠಗಳ ಸಾಲು ಒಂದಲ್ಲ.

ಮೊದಲು ನಿಮ್ಮದೇ ಪುಸ್ತಕದ ಪಿಡಿಎಫ್ ಇಳಿಸಿಟ್ಟುಕೊಳ್ಳಿ. ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನ ‘ಸಮಗ್ರ’ ಜಾಲತಾಣದಲ್ಲಿ ಪಠ್ಯಪುಸ್ತಕ ವಿಭಾಗ ತೆರೆದು ಮಾಧ್ಯಮ ಕನ್ನಡ, ತರಗತಿ, ವಿಷಯ ಎಂದು ಆರಿಸಿದರೆ ಸಿಗುತ್ತದೆ. ಎಸ್‌ಸಿಇಆರ್‌ಟಿ ಜಾಲತಾಣದಲ್ಲೂ ಇದೆ. ಕೇರಳದಲ್ಲಿ ಪುಸ್ತಕ ಸಾಮಾನ್ಯವಾಗಿ ಎರಡು ಭಾಗವಾಗಿ ಬರುವುದರಿಂದ ಎರಡನ್ನೂ ಇಳಿಸಿ. ಇಲ್ಲದಿದ್ದರೆ ಓಣಂ ರಜೆ ಕಳೆದ ಮೇಲೆ ‘ಈ ಪಾಠ ಇದರಲ್ಲಿ ಇಲ್ಲವಲ್ಲ’ ಎಂದು ಮತ್ತೆ ಹುಡುಕಬೇಕಾಗುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಒಂದು ಸಂಗತಿ ಇದೆ. ಕೇರಳದ ಪಠ್ಯ ಎರಡು ಕಂತಿನಲ್ಲಿ ಹೊಸದಾಯಿತು: 1, 3, 5, 7, 9ನೇ ತರಗತಿಗಳದ್ದು 2024-25ರಲ್ಲಿ, 2, 4, 6, 8, 10ನೇ ತರಗತಿಗಳದ್ದು 2025-26ರಲ್ಲಿ. ಆದ್ದರಿಂದ ಪಕ್ಕದ ಮನೆಯ ಅಕ್ಕನ ಹಳೆಯ ಪುಸ್ತಕವಾಗಲಿ, 2020ರ ಜೂನ್ 1ರಂದು ಶುರುವಾದ, ಕೊರೊನಾ ಕಾಲದ ಟಿವಿ ಪಾಠ ‘ಫಸ್ಟ್ ಬೆಲ್’ನ ವಿಡಿಯೊಗಳಾಗಲಿ ಈಗಿನ ಪುಸ್ತಕದೊಂದಿಗೆ ಪಾಠಕ್ಕೆ ಪಾಠ ತಾಳೆಯಾಗುವುದಿಲ್ಲ. ವಿಡಿಯೊ ಹಳತಾಯಿತೆಂದು ಅದರಲ್ಲಿನ ಭಾಗಾಕಾರ ತಪ್ಪಾಗುವುದಿಲ್ಲ ಎನ್ನುವುದೂ ನಿಜ. ಅದನ್ನು ಬಳಸಿ, ‘ಇದು ನಿನ್ನ ಎರಡನೇ ಪಾಠ’ ಎಂದು ಮಾತ್ರ ಹೇಳಬೇಡಿ.

ಒಂದು ಸಂಜೆ ಮಗಳೊಂದಿಗೆ ಕುಳಿತು ಪುಸ್ತಕದ ಪರಿವಿಡಿಯ ಎದುರು, ಪ್ರತಿ ಪಾಠ ಯಾವ ಲೆಕ್ಕವನ್ನು ಕಲಿಸುತ್ತದೆ ಎಂದು ಪೆನ್ಸಿಲಿನಲ್ಲಿ ಬರೆಯಿರಿ: ‘ಎರಡಂಕಿಯಿಂದ ಗುಣಾಕಾರ’, ‘ಭಿನ್ನರಾಶಿ ಗುರುತಿಸುವುದು’, ‘ಸುತ್ತಳತೆ’ ಹೀಗೆ. ಪಾಠದ ಹೆಸರಿನಿಂದಲೇ ಒಳಗಿನ ಲೆಕ್ಕ ಗೊತ್ತಾಗುವುದಿಲ್ಲವಾದ್ದರಿಂದ ಈ ಕೆಲಸ ಬೇಕೇ ಬೇಕು. ಆಮೇಲೆ ಹುಡುಕುವಾಗ ಆ ಪೆನ್ಸಿಲಿನ ಪದಗಳನ್ನೇ ಹಾಕಿ. ಕರ್ನಾಟಕದಲ್ಲಿ ಅದೇ ವಿಷಯ ಒಂದು ತರಗತಿ ಹಿಂದೆಯೋ ಮುಂದೆಯೋ ಇದ್ದರೂ ಚಿಂತೆಯಿಲ್ಲ.

ಗಣಿತ ಮತ್ತು ವಿಜ್ಞಾನಕ್ಕೆ ಇದು ನಡೆಯುತ್ತದೆ. ಕನ್ನಡ ಭಾಷಾ ಪಾಠಕ್ಕೂ ಸಮಾಜ ವಿಜ್ಞಾನಕ್ಕೂ ನಡೆಯುವುದಿಲ್ಲ. ಪದ್ಯವೇ ಬೇರೆ, ಪಂಚಾಯತಿನ ರಚನೆ ಬೇರೆ, ನದಿಗಳು ಬೇರೆ. ಪರಿಭಾಷೆ ಎರಡು ಕಡೆ ಬೇರೆಯಾಗಿ ಕಂಡರೆ ಪರೀಕ್ಷೆಗೆ ಬೇಕಾದದ್ದು ಶಾಲೆಯ ಪುಸ್ತಕದ ಪದ. ವಿಡಿಯೊದ ಪದವನ್ನು ಪುಟದ ಅಂಚಿನಲ್ಲಿ ಬರೆದಿಡಲಿ.

ಪ್ರಶ್ನೆ: ಎಣ್ಮಕಜೆಯ ಗುಡ್ಡದ ಬದಿಯಲ್ಲಿ ಮನೆ. ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಮನೆಗೆ ಒಂದೇ ಸ್ಮಾರ್ಟ್‌ಫೋನ್, ಅದನ್ನೂ ನಾನು ಕೆಲಸಕ್ಕೆ ಒಯ್ಯುತ್ತೇನೆ. ದಿನಕ್ಕೆ ಒಂದೂವರೆ ಜಿಬಿ ಡೇಟಾ. ಇದರಲ್ಲಿ ಇಬ್ಬರು ಮಕ್ಕಳಿಗೆ ಏನು ಮಾಡಬಹುದು?

ಉತ್ತರ: ನೇರ ನೋಡುವುದನ್ನು ಬಿಟ್ಟು ‘ಇಳಿಸಿ ತಂದು ನೋಡುವ’ ಕ್ರಮಕ್ಕೆ ಬನ್ನಿ. ನೀವು ಕೆಲಸಕ್ಕೆ ಹೋಗುವ ಪೇಟೆಯಲ್ಲಿ ಸಿಗ್ನಲ್ ಇದೆ, ಮಕ್ಕಳಿಗೆ ಬೇಕಾದದ್ದು ಸಂಜೆ ಮನೆಯಲ್ಲಿ. ಬೆಳಿಗ್ಗೆ ಅವರೇ ಒಂದು ಚೀಟಿಯಲ್ಲಿ ಬೇಕಾದ್ದನ್ನು ಬರೆದುಕೊಡಲಿ, ಮಧ್ಯಾಹ್ನದ ಬಿಡುವಿನಲ್ಲಿ ನೀವು ಇಳಿಸಿ.

ಡೇಟಾದ ಲೆಕ್ಕ ಹೀಗೆ. ಯೂಟ್ಯೂಬ್ ವಿಡಿಯೊ 360ಪಿ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 300ರಿಂದ 450 ಎಂಬಿ ತಿನ್ನುತ್ತದೆ. 720ಪಿಯಲ್ಲಿ ಗಂಟೆಗೆ ಒಂದು ಜಿಬಿ ದಾಟುತ್ತದೆ. ಕರಿಹಲಗೆಯ ಲೆಕ್ಕ ನೋಡಲು 360 ಸಾಕು, 240ರಲ್ಲೂ ಅಂಕೆಗಳು ಕಾಣುತ್ತವೆ. ಆ್ಯಪನ್ನು ಅದರ ಪಾಡಿಗೆ ಬಿಟ್ಟರೆ ಸಿಗ್ನಲ್ ಚೆನ್ನಾಗಿರುವಲ್ಲಿ ತಾನೇ ಗುಣಮಟ್ಟ ಏರಿಸಿಕೊಂಡು ಡೇಟಾ ಮುಗಿಸುತ್ತದೆ. ಸೆಟ್ಟಿಂಗ್ಸಿಗೆ ಹೋಗಿ ಮೊಬೈಲ್ ಡೇಟಾಕ್ಕೆ ‘ಡೇಟಾ ಸೇವರ್’ ಆರಿಸಿ, ಮುಂದಿನ ವಿಡಿಯೊ ತಾನಾಗಿ ಓಡುವ ‘ಆಟೋಪ್ಲೇ’ ಬಂದ್ ಮಾಡಿ. ಆಟೋಪ್ಲೇಯಿಂದ ಡೇಟಾ ಹೋಗುವುದಷ್ಟೇ ಅಲ್ಲ, ಭಾಗಾಕಾರದ ವಿಡಿಯೊ ಮುಗಿದ ಮೂರನೇ ನಿಮಿಷಕ್ಕೆ ಮಗು ಇನ್ನೆಲ್ಲೋ ಇರುತ್ತದೆ. ಯೂಟ್ಯೂಬ್ ಆ್ಯಪಿನೊಳಗೆ ಇಳಿಸಿದ ವಿಡಿಯೊ ಸ್ವಲ್ಪ ಕಾಲ ನೆಟ್ ಸಿಗದೆ ಹೋದರೆ ತೆರೆಯುವುದಿಲ್ಲ. ಫೋನು ದಿನವೂ ಪೇಟೆಗೆ ಹೋಗಿಬರುವುದರಿಂದ ನಿಮಗೆ ಆ ತೊಂದರೆ ಬಾರದು.

ವಿಡಿಯೊಗಿಂತ ನಿಮ್ಮ ಪರಿಸ್ಥಿತಿಗೆ ಹೆಚ್ಚು ಹೊಂದುವುದು ಪಿಡಿಎಫ್ ಮತ್ತು ‘ಫೆಟ್’ ಪ್ರಯೋಗಗಳು. ಫೆಟ್ ಎಂಬುದು ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದ್ದು. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ ಅದನ್ನು 2002ರಲ್ಲಿ ಆರಂಭಿಸಿದರು. ವಿದ್ಯುತ್ ಮಂಡಲ ಜೋಡಿಸುವುದು, ತಕ್ಕಡಿ ತೂಗುವುದು, ಭಿನ್ನರಾಶಿ ಕಟ್ಟುವುದು ಮೊದಲಾದ ಆಟದಂಥ ಪ್ರಯೋಗಗಳಿವೆ, ಹಲವು ಕನ್ನಡದಲ್ಲೂ ಇವೆ. ಪ್ರತಿಯೊಂದರ ಪುಟದಲ್ಲಿ ಇಳಿಸುವ ಗುಂಡಿ ಇರುತ್ತದೆ. ಒತ್ತಿದರೆ ಕೆಲವೇ ಎಂಬಿಯ ಒಂದು ಎಚ್‌ಟಿಎಂಎಲ್ ಕಡತ ಬರುತ್ತದೆ, ಮತ್ತೆ ನೆಟ್ ಬೇಡ. ತೆರೆಯುವಾಗ ಫೋನಿನ ‘ಎಚ್‌ಟಿಎಂಎಲ್ ವ್ಯೂವರ್’ ಆರಿಸಿದರೆ ಬಿಳಿ ಪರದೆ ಮಾತ್ರ ಕಾಣಬಹುದು, ಏಕೆಂದರೆ ಅದು ಒಳಗಿನ ಪ್ರೋಗ್ರಾಮನ್ನು ಓಡಿಸುವುದಿಲ್ಲ. ‘ಕ್ರೋಮ್’ ಆರಿಸಿ.

ಫೋನು ಮಕ್ಕಳ ಕೈಗೆ ಕೊಡುವ ಮೊದಲು ‘ಆ್ಯಪ್ ಪಿನ್ನಿಂಗ್’ ಹಾಕಿ. ಸೆಟ್ಟಿಂಗ್ಸಿನ ಭದ್ರತೆಯ ವಿಭಾಗದಲ್ಲಿ ಅದನ್ನು ಚಾಲೂ ಮಾಡಿ, ‘ಬಿಡಿಸಲು ಪಿನ್ ಕೇಳು’ ಎಂಬುದನ್ನೂ ಗುರುತಿಸಿ. ಬೇಕಾದ ಆ್ಯಪ್ ತೆರೆದು, ಇತ್ತೀಚಿನ ಆ್ಯಪುಗಳ ಪರದೆಗೆ ಹೋಗಿ ಅದರ ಚಿಹ್ನೆ ಒತ್ತಿದರೆ ‘ಪಿನ್’ ಸಿಗುತ್ತದೆ. ಆಮೇಲೆ ನಿಮ್ಮ ಪಿನ್ ಇಲ್ಲದೆ ಬೇರೆ ಕಡೆ ಹೋಗಲಾಗುವುದಿಲ್ಲ. ಬ್ಯಾಂಕಿನ ಆ್ಯಪ್ ಇರುವ ಫೋನಿಗೆ ಇದು ಅಗತ್ಯ.

ಇಬ್ಬರು ಮಕ್ಕಳಿದ್ದಾರೆ ಎಂದಿದ್ದೀರಿ. ಒಬ್ಬರು ಫೋನಿನಲ್ಲಿ ನೋಡುವ ಇಪ್ಪತ್ತು ನಿಮಿಷ ಇನ್ನೊಬ್ಬರು ಬರೆಯಲಿ, ಮತ್ತೆ ಅದಲು ಬದಲು. ಇಬ್ಬರಿಗೂ ಒಂದೇ ವಿಡಿಯೊ ಹಾಕಿ ಕೂರಿಸುವುದರಿಂದ ದೊಡ್ಡವನಿಗೂ ಪ್ರಯೋಜನವಿಲ್ಲ, ಚಿಕ್ಕವಳಿಗೂ ಇಲ್ಲ.

ಪ್ರಶ್ನೆ: ನಮ್ಮ ಹುಡುಗ ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಆರನೇ ಇಯತ್ತೆ. ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಆಗುವುದಿಲ್ಲ. ಸ್ಕ್ಯಾನ್ ಆದಾಗಲೂ ಒಮ್ಮೊಮ್ಮೆ ಮರಾಠಿ ಪಾಠ ಬರುತ್ತದೆ. ಪಿಡಿಎಫ್‌ನಿಂದ ಪ್ರಶ್ನೆಗಳನ್ನು ಕಾಪಿ ಮಾಡಿದರೆ ಅಕ್ಷರವೆಲ್ಲ ಕಲಸಿಹೋಗುತ್ತದೆ.

ಉತ್ತರ: ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯು ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ತರುತ್ತದೆ, ಅದರ ಇ-ಬಾಲಭಾರತಿ ಜಾಲತಾಣದಲ್ಲಿ ಪಿಡಿಎಫ್ ಪುಕ್ಕಟೆ. ತರಗತಿಯ ಜೊತೆಗೆ ಮಾಧ್ಯಮವನ್ನು ಆರಿಸದಿದ್ದರೆ ಮರಾಠಿಯದ್ದೇ ಮುಂದೆ ಬರುತ್ತದೆ.

ಕ್ಯೂಆರ್ ಕೋಡ್ ಕೇಂದ್ರ ಸರಕಾರದ ‘ದೀಕ್ಷಾ’ ಎಂಬ ಶಾಲಾ ಪಾಠಗಳ ಅಂತರ್ಜಾಲ ವೇದಿಕೆಯದ್ದು, 2017ರಲ್ಲಿ ಆರಂಭವಾದದ್ದು. ಆ್ಯಪ್ ಮೊದಲ ಸಲ ತೆರೆದಾಗ ಮಂಡಳಿ, ಮಾಧ್ಯಮ, ತರಗತಿ ಕೇಳುತ್ತದೆ. ಅಲ್ಲಿ ಮಂಡಳಿ ಮಹಾರಾಷ್ಟ್ರ ರಾಜ್ಯ, ಮಾಧ್ಯಮ ಕನ್ನಡ ಎಂದು ಕೊಡಿ. ಕನ್ನಡ ಎಂದ ಕೂಡಲೇ ಅನೇಕರು ಕರ್ನಾಟಕ ಮಂಡಳಿ ಒತ್ತುತ್ತಾರೆ. ಆಗ ಮನೆಪುಟದಲ್ಲಿ ಕಾಣುವ ಪುಸ್ತಕವೆಲ್ಲ ಕರ್ನಾಟಕದ್ದಾಗುತ್ತದೆ. ಪ್ರೊಫೈಲಿನಲ್ಲಿ ಇದನ್ನು ಯಾವಾಗ ಬೇಕಾದರೂ ತಿದ್ದಬಹುದು.

ಸ್ಕ್ಯಾನ್ ಆಗದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಪುಟದ ಮಡಿಕೆ, ಹೊಳೆಯುವ ಪ್ಲಾಸ್ಟಿಕ್ ಹೊದಿಕೆ ಅಥವಾ ಫೋನಿನ ನೆರಳು. ಪುಸ್ತಕವನ್ನು ಚಪ್ಪಟೆಯಾಗಿ ಇಟ್ಟು, ಬೆಳಕು ಬದಿಯಿಂದ ಬೀಳುವಂತೆ ಮಾಡಿ, ಫೋನನ್ನು ಒಂದು ಗೇಣು ಮೇಲೆ ಹಿಡಿಯಿರಿ. ಆದರೂ ಆಗದಿದ್ದರೆ ಕೋಡಿನ ಕೆಳಗೆ ಅಚ್ಚಾಗಿರುವ ಆರು ಅಕ್ಷರ-ಅಂಕಿಗಳನ್ನು ದೀಕ್ಷಾದ ಹುಡುಕುವ ಜಾಗದಲ್ಲಿ ಟೈಪ್ ಮಾಡಿ, ಅದೇ ಪಾಠ ತೆರೆಯುತ್ತದೆ. ಇಂಗ್ಲಿಷಿನ ಓ ಅಕ್ಷರವನ್ನೂ ಸೊನ್ನೆಯನ್ನೂ, ಐ ಅಕ್ಷರವನ್ನೂ ಒಂದನ್ನೂ ಅದಲುಬದಲು ಮಾಡಿ ನೋಡಿ. ಸರಿಯಾದ ಕೋಡ್ ಹಾಕಿದ ಮೇಲೂ ಮರಾಠಿ ವಿಡಿಯೊ ಬಂದರೆ ಆ ಪಾಠಕ್ಕೆ ಕನ್ನಡದ್ದನ್ನು ಇನ್ನೂ ಜೋಡಿಸಿಲ್ಲ ಎಂದರ್ಥ, ನಿಮ್ಮ ಫೋನಿನ ತಪ್ಪಲ್ಲ.

ಅಕ್ಷರ ಕಲಸಿಹೋಗುವುದಕ್ಕೆ ಕಾರಣ ಹಳೆಯ ಫಾಂಟು. ಯೂನಿಕೋಡ್ (ಎಲ್ಲ ಸಾಧನಗಳೂ ಒಪ್ಪುವ ಅಕ್ಷರಸಂಕೇತ) ಅಲ್ಲದ ಫಾಂಟಿನಲ್ಲಿ ಅಚ್ಚುಜೋಡಿಸಿದ ಪುಟದಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ ಇರುತ್ತದೆ. ಆದ್ದರಿಂದ ಕಾಪಿ ಮಾಡುವ ಬದಲು ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಚಿತ್ರದಲ್ಲಿನ ಅಕ್ಷರ ಓದುವ ಗೂಗಲ್ ಲೆನ್ಸಿಗೆ ಕೊಡಿ, ‘ಪಠ್ಯ’ ಆರಿಸಿ, ಕಾಪಿ ಮಾಡಿ. ಪುಟಗಳು ಹೆಚ್ಚಿದ್ದರೆ ಕಂಪ್ಯೂಟರಿನಲ್ಲಿ ಗೂಗಲ್ ಡ್ರೈವಿಗೆ ಹಾಕಿ, ಬಲಗುಂಡಿ ಒತ್ತಿ ‘ಗೂಗಲ್ ಡಾಕ್ಸ್‌ನಲ್ಲಿ ತೆರೆ’ ಎಂದು ಕೊಡಿ. ಕಡತ 2 ಎಂಬಿಯೊಳಗೆ ಇರುವುದು ಒಳ್ಳೆಯದು, ದೊಡ್ಡದಿದ್ದರೆ ಬಿಡಿಸಿ ಹಾಕಿ. ಬಂದದ್ದನ್ನು ಒಮ್ಮೆ ಓದಲೇಬೇಕು. ಒತ್ತಕ್ಷರ ಮತ್ತು ಅರ್ಕಾವತ್ತು ತಪ್ಪುತ್ತವೆ, ಸೊನ್ನೆ ಅಂಕಿ ಮತ್ತು ಅನುಸ್ವಾರ ಬೆರೆಯುತ್ತವೆ, ಭಿನ್ನರಾಶಿಯ ಅಡ್ಡಗೆರೆ ಮಾಯವಾಗುತ್ತದೆ. ಲೆಕ್ಕದ ಪುಟವಾದರೆ ಕೈಯಲ್ಲೇ ಬರೆದುಕೊಳ್ಳುವುದು ಬೇಗ ಮುಗಿಯುವ ಕೆಲಸ.

ಪ್ರಶ್ನೆ: ಐದನೆಯ ತರಗತಿಯ ಮಗ ವಿಡಿಯೊ ನೋಡಿ ‘ಗೊತ್ತಾಯಿತು’ ಎನ್ನುತ್ತಾನೆ. ಪುಸ್ತಕದ ಲೆಕ್ಕ ಕೊಟ್ಟರೆ ತಪ್ಪು. ನನಗೂ ಗಣಿತ ಅಷ್ಟಕ್ಕಷ್ಟೆ. ದಿನಕ್ಕೆ ಎಷ್ಟು ಹೊತ್ತು ಕೂರಿಸಬೇಕು?
— ಕುಂಬಳೆ

ಉತ್ತರ: ಅವನು ಸುಳ್ಳು ಹೇಳುತ್ತಿಲ್ಲ. ಇನ್ನೊಬ್ಬರು ಬಿಡಿಸುವ ಲೆಕ್ಕವನ್ನು ಹಿಂಬಾಲಿಸುವುದು ಒಂದು ಕೆಲಸ, ಮುಂದಿನ ಹೆಜ್ಜೆಯನ್ನು ತಾನೇ ನೆನಪಿನಿಂದ ಎತ್ತುವುದು ಬೇರೆ ಕೆಲಸ. ವಿಡಿಯೊ ಮೊದಲನೆಯದನ್ನು ಮಾತ್ರ ಮಾಡಿಸುತ್ತದೆ. ಎರಡನೆಯದನ್ನು ಮನೆಯಲ್ಲಿ ನೀವು ಮಾಡಿಸಬೇಕು, ಅದಕ್ಕೆ ನಿಮಗೆ ಗಣಿತ ಬರಬೇಕೆಂದಿಲ್ಲ.

ಎಂಟು ನಿಮಿಷದ ವಿಡಿಯೊ ತೆಗೆದುಕೊಳ್ಳಿ. ಹಲಗೆಯ ಮೇಲೆ ಲೆಕ್ಕ ಬರೆದಾದ ಕೂಡಲೇ ನಿಲ್ಲಿಸಿ. ಮಗ ನೋಟುಪುಸ್ತಕದಲ್ಲಿ ಉತ್ತರ ಬರೆಯಲಿ, ತಪ್ಪಾದರೂ ಸರಿ. ಆಮೇಲೆ ಮುಂದಕ್ಕೆ ಓಡಿಸಿ, ಅವನೇ ಹೋಲಿಸಿ ತಿದ್ದಲಿ. ಹೀಗೆ ಮಾಡಿದರೆ ಎಂಟು ನಿಮಿಷದ ವಿಡಿಯೊಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅಷ್ಟೇ ಆ ದಿನದ ಪಾಠ.

ಅವನ ಪ್ರಾಯದಲ್ಲಿ ಅತಿ ಸಾಮಾನ್ಯವಾದ ತಪ್ಪನ್ನೇ ನೋಡೋಣ. 1/2 + 1/3 ಕೊಟ್ಟರೆ ಮೇಲೆ ಮೇಲಿನದನ್ನೂ ಕೆಳಗೆ ಕೆಳಗಿನದನ್ನೂ ಕೂಡಿಸಿ 2/5 ಬರೆಯುತ್ತಾರೆ. ಕಾರಣ, ಅವರ ಕಣ್ಣಿಗೆ ಭಿನ್ನರಾಶಿ ಒಂದು ಸಂಖ್ಯೆಯಲ್ಲ, ಒಂದರ ಮೇಲೊಂದು ಇಟ್ಟ ಎರಡು ಸಂಖ್ಯೆ. ‘ತಪ್ಪು’ ಎಂದು ಗೀಟು ಹಾಕುವ ಬದಲು ಒಂದೇ ಪ್ರಶ್ನೆ ಕೇಳಿ: 2/5 ಎಂಬುದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಐದರಲ್ಲಿ ಎರಡು ಎಂದರೆ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ? ಅಲ್ಲಿ ಅವನೇ ನಿಲ್ಲುತ್ತಾನೆ.

ಈಗ ಚೌಕುಳಿ ಪುಸ್ತಕದಲ್ಲಿ 12 ಮನೆಗಳ ಒಂದು ಪಟ್ಟಿ ಎಳೆಯಿಸಿ. ಅರ್ಧ ಎಂದರೆ 6 ಮನೆ, ಮೂರರಲ್ಲೊಂದು ಎಂದರೆ 4 ಮನೆ. ಬಣ್ಣ ಹಚ್ಚಿದರೆ ಒಟ್ಟು 10. ಉತ್ತರ 10/12, ಎರಡೆರಡು ಮನೆ ಸೇರಿಸಿ ನೋಡಿದರೆ 5/6. ಪಟ್ಟಿಗೆ 10 ಮನೆ ಮಾಡಿದರೆ ಮೂರು ಸಮಪಾಲು ಬರುವುದಿಲ್ಲ. ಅದನ್ನೂ ಒಮ್ಮೆ ಮಾಡಿ ಕೆಡಿಸಲಿ, ಸಮಚ್ಛೇದ ಏಕೆ ಬೇಕು ಎಂದು ಆಗಲೇ ಗೊತ್ತಾಗುವುದು. ಫೆಟ್‌ನ ಭಿನ್ನರಾಶಿ ಪ್ರಯೋಗಗಳನ್ನು ಇದಾದ ಮೇಲೆ ಕೊಡಿ, ಮೊದಲಲ್ಲ. ಪರದೆಯಲ್ಲಿ ಎಳೆದುಬಿಡುವುದು ಬಹಳ ಸುಲಭ, ಕೈ ಯೋಚಿಸದೆಯೇ ಓಡುತ್ತದೆ.

ಅಭ್ಯಾಸಕ್ಕೆ ಖಾನ್ ಅಕಾಡೆಮಿಯ ಕನ್ನಡ ಪುಟ ಚೆನ್ನಾಗಿದೆ, ದುಡ್ಡಿಲ್ಲ, ಜಾಹೀರಾತಿಲ್ಲ. ಅಲ್ಲಿ ವಿಡಿಯೊಗಳಿಗಿಂತ ಅಭ್ಯಾಸದ ಪ್ರಶ್ನೆಗಳೇ ಉಪಯುಕ್ತ. ಸುಳಿವು ಒತ್ತಿದರೆ ಆ ಪ್ರಶ್ನೆ ಸರಿ ಎಂದು ಲೆಕ್ಕಕ್ಕೆ ಬರುವುದಿಲ್ಲ. ಮಕ್ಕಳು ಇದನ್ನು ಕಂಡುಕೊಂಡ ಕೂಡಲೇ ಸುಳಿವು ಬಿಟ್ಟು ಊಹೆ ಹೊಡೆಯಲು ಶುರುಮಾಡುತ್ತಾರೆ. ಆದ್ದರಿಂದ ಉತ್ತರ ಒತ್ತುವ ಮೊದಲು ಕಾಗದದಲ್ಲಿ ಹೆಜ್ಜೆ ಕಾಣಬೇಕೆಂಬ ನಿಯಮ ಹಾಕಿ.

ಮರುದಿನ ನಿನ್ನೆಯ ಎರಡು ಲೆಕ್ಕ, ವಾರದ ಬಳಿಕ ಮತ್ತೆ ಎರಡು, ಪುಸ್ತಕ ಮುಚ್ಚಿಟ್ಟು. ಒಂದೇ ದಿನ ಇಪ್ಪತ್ತು ಲೆಕ್ಕ ಮಾಡಿಸುವುದಕ್ಕಿಂತ ಇದು ಹೆಚ್ಚು ನಿಲ್ಲುತ್ತದೆ. ಹೊತ್ತಿನ ವಿಚಾರ: ನಾಲ್ಕನೆಯವರೆಗಿನವರಿಗೆ 15–20 ನಿಮಿಷ, ಐದರಿಂದ ಏಳರವರಿಗೆ ಅರ್ಧ ಗಂಟೆ ಪರದೆ ಸಾಕು, ಉಳಿದದ್ದು ಕಾಗದದಲ್ಲಿ. ಇದು ನಮ್ಮ ಅಂದಾಜು. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಅಣ್ಣನ ಪಾಠದ ಹೊತ್ತೂ ಅವರ ಲೆಕ್ಕಕ್ಕೆ ಸೇರುತ್ತದೆ.

ಪ್ರಶ್ನೆ: ತಾಳವಾಡಿಯವರು ನಾವು. ಮನೆಯಲ್ಲಿ ಕನ್ನಡ, ಮಗಳು ತಮಿಳು ಮಾಧ್ಯಮದಲ್ಲಿ ಮೂರನೆಯ ತರಗತಿ. ತಮಿಳು ಚೆನ್ನಾಗಿ ಓದುತ್ತಾಳೆ. ಮನೆಯಲ್ಲೇ ಕನ್ನಡ ಓದು ಬರಹ ಕಲಿಸಬೇಕು. ವರ್ಣಮಾಲೆ ವಿಡಿಯೊ ಹಾಕಿದೆವು, ಹಾಡು ಬಾಯಿಪಾಠವಾಯಿತು, ಅಕ್ಷರ ಬರಲಿಲ್ಲ.

ಉತ್ತರ: ‘ಅ ಆ ಇ ಈ’ ಹಾಡಿನಿಂದ ಓದು ಬರುವುದಿಲ್ಲ. ಹದಿನಾರು ಅಕ್ಷರ ಕಲಿತ ಮೇಲೂ ಒಂದು ಪದ ಓದಲಾಗದಿದ್ದರೆ ಯಾವ ಮಗುವಿಗೆ ಉಮೇದು ಉಳಿಯುತ್ತದೆ? ಕರ್ನಾಟಕದ ಒಂದನೇ ತರಗತಿಯ ನಲಿ-ಕಲಿ ಕ್ರಮ ಬೇರೆ. ಅದು ‘ರ ಗ ಸ ದ ಅ’ ಎಂಬ ಐದರಿಂದ ಹೊರಡುತ್ತದೆ. ಈ ಐದರಲ್ಲೇ ಅರಸ, ಅಗಸ, ಸರ, ದರ, ರಸ, ಗರಗಸ ಓದಬಹುದು. ಮುಂದಿನ ಐದು ‘ಜ ವ ಮ ಬ ನ’. ಸೇರಿಸಿದರೆ ಮರ, ಜನ, ದನ, ಮಗ, ವನ, ಬಸವ. ಎರಡನೇ ವಾರಕ್ಕೇ ಮಗು ಓದುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಮೊದಲ ತರಗತಿಗಳ ಕನ್ನಡ ಪುಸ್ತಕದ ಪಿಡಿಎಫ್ ಪುಕ್ಕಟೆ. ನಿಮ್ಮ ಮಗಳಿಗೆ ಬೇರೊಂದು ಲಿಪಿ ಆಗಲೇ ಬರುವುದರಿಂದ ವಾರಕ್ಕೆ ಐದು ಅಕ್ಷರ ಭಾರವಾಗುವುದಿಲ್ಲ.

ಎಲ್ಲಿ ತೊಡಕುತ್ತಾಳೆ ಎಂಬುದನ್ನು ಮೊದಲೇ ಹೇಳಬಹುದು. ತಮಿಳಿನಲ್ಲಿ ಕ ವರ್ಗಕ್ಕೆ ಎರಡೇ ಅಕ್ಷರ, ಕನ್ನಡದಲ್ಲಿ ಐದು. ಅಲ್ಲಿ ಕ, ಗ ಎರಡಕ್ಕೂ ಒಂದೇ ಚಿಹ್ನೆ, ಪ ಬ, ತ ದ, ಟ ಡ ಕೂಡ ಹಾಗೆಯೇ. ಹಾಗಾಗಿ ‘ಗಾಳಿ’ ಎನ್ನುವಲ್ಲಿ ‘ಕಾಳಿ’ ಬರೆಯುತ್ತಾಳೆ. ಕಿವಿಗೆ ವ್ಯತ್ಯಾಸ ಗೊತ್ತು, ಮನೆಮಾತು ಕನ್ನಡವಲ್ಲವೇ? ಬರವಣಿಗೆಯಲ್ಲಿ ಅದನ್ನು ತೋರಿಸಬೇಕೆಂಬ ರೂಢಿ ಮಾತ್ರ ಇಲ್ಲ. ಕರಿ–ಗರಿ, ತನ–ದನ, ಪಡಿ–ಬಡಿ, ಚೋಳ–ಜೋಳ ಇಂಥ ಜೋಡಿಗಳನ್ನು ಚೀಟಿಯಲ್ಲಿ ಬರೆದು, ನೀವು ಹೇಳಿ, ಅವಳು ಎತ್ತಲಿ. ಖ, ಘ, ಛ, ಝ ಮೊದಲಾದ ಮಹಾಪ್ರಾಣಗಳನ್ನು ಸದ್ಯಕ್ಕೆ ಬಿಟ್ಟುಬಿಡಿ. ಮನೆಯ ಮಾತಿನಲ್ಲಿ ಅವು ಕಡಿಮೆ.

ಎರಡನೆಯದು ಕಾಗುಣಿತ. ತಮಿಳಿನಲ್ಲಿ ಎತ್ವದ ಚಿಹ್ನೆ ಅಕ್ಷರದ ಎಡಕ್ಕೆ ಬರುತ್ತದೆ, ಕನ್ನಡದಲ್ಲಿ ತಲೆಯ ಮೇಲೆ. ‘ಕೆ’ ನೋಡಿ ‘ಕಿ’ ಎಂದು ಓದುವುದು ಇದರಿಂದಲೇ. ‘ಕಿ ಕೆ’, ‘ಮಿ ಮೆ’ ಎಂದು ಈ ಎರಡನ್ನೇ ಅಕ್ಕಪಕ್ಕ ಇಟ್ಟು ಓದಿಸಿ.

ಮೂರನೆಯದು ಒತ್ತಕ್ಷರ. ತಮಿಳಿನಲ್ಲಿ ಮೊದಲ ವ್ಯಂಜನದ ಮೇಲೆ ಚುಕ್ಕೆ ಇಟ್ಟು ಎರಡನೆಯದನ್ನು ಪೂರ್ತಿ ಬರೆಯುತ್ತಾರೆ. ಆದ್ದರಿಂದ ಅವಳ ಕೈಯಲ್ಲಿ ‘ಅಮ್ಮ’ ಎಂಬುದು ‘ಅಮ್‌ಮ’ ಆಗುತ್ತದೆ. ಒತ್ತಿನಲ್ಲಿ ಆಕಾರ ಹೆಚ್ಚು ಬದಲಾಗದವುಗಳಿಂದ ಶುರುಮಾಡಿ: ಅಕ್ಕ, ಅಪ್ಪ, ಅಜ್ಜ, ಹಳ್ಳ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದಂತೆ ಕಾಣುವುದಿಲ್ಲ. ಅವನ್ನು ಬೇರೆಯಾಗಿ, ದಿನಕ್ಕೊಂದರಂತೆ ಕಲಿಸಿ: ಅತ್ತೆ, ಅನ್ನ, ಅಮ್ಮ, ಬೆಲ್ಲ, ಚಕ್ರ, ವಾಕ್ಯ.

ಅಕ್ಷರ ಕೂಡಿಸಿ ಓದಲು ಬಂದ ಕೂಡಲೇ ಕಥೆಗೆ ಹೋಗಿ. ಮಕ್ಕಳ ಪುಸ್ತಕ ಹೊರತರುವ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಬೇಕಾದಷ್ಟಿವೆ. ಭಾಷೆ ಕನ್ನಡ, ಹಂತ 1 ಎಂದು ಸೋಸಿ. ಹಂತ ಒಂದರಲ್ಲಿ ಪುಟಕ್ಕೆ ಒಂದೆರಡು ಸಾಲು, ನಾಲ್ಕರಲ್ಲಿ ದೊಡ್ಡ ಕಥೆ. ಎಷ್ಟೋ ಕಥೆಗಳು ತಮಿಳಿನಲ್ಲೂ ಇವೆ. ಮೊದಲು ತಮಿಳಿನಲ್ಲಿ ಓದಿದ್ದನ್ನೇ ಕನ್ನಡದಲ್ಲಿ ಕೊಟ್ಟರೆ ಅವಳಿಗೆ ಕಥೆ ಗೊತ್ತಿರುತ್ತದೆ, ಗಮನವೆಲ್ಲ ಅಕ್ಷರದ ಮೇಲಿರುತ್ತದೆ. ಒಂದು ಮಾತು: ಅಲ್ಲಿ ಯಾರು ಬೇಕಾದರೂ ಅನುವಾದ ಹಾಕಬಹುದಾದ್ದರಿಂದ ಕೆಲವು ಕಥೆಗಳ ಕನ್ನಡ ಸರಾಗವಾಗಿಲ್ಲ, ಕೆಲವದರಲ್ಲಿ ಕಾಗುಣಿತ ತಪ್ಪಿದೆ. ಪ್ರಕಾಶಕರೇ ಹಾಕಿದವನ್ನು ಮೊದಲು ಆರಿಸಿ, ಕೊಡುವ ಮೊದಲು ನೀವೊಮ್ಮೆ ಗಟ್ಟಿಯಾಗಿ ಓದಿ ನೋಡಿ.

ಪ್ರಶ್ನೆ: ಮಡಕಶಿರಾದ ನಮ್ಮ ಮಗನಿಗೆ ತೆಲುಗು ಬರುತ್ತದೆ. ಅವನಿಗೂ ಮೊದಲಿನಿಂದ ಅಕ್ಷರ ಕಲಿಸಬೇಕೇ?

ಉತ್ತರ: ಬೇಡ. ತೆಲುಗು ಓದಬಲ್ಲವನಿಗೆ ಕನ್ನಡದ ಬಹುಪಾಲು ಅಕ್ಷರ ಗುರುತು ಸಿಗುತ್ತವೆ, ಒತ್ತಕ್ಷರ ಬರೆಯುವ ಕ್ರಮವೂ ಅದೇ. ಬೇರೆಯಾಗುವುದು ತಲಕಟ್ಟು, ಕ, ತ, ಶ ಮುಂತಾದ ಕೆಲವು ಅಕ್ಷರ, ದೀರ್ಘದ ಗುರುತು ಮತ್ತು ಅರ್ಕಾವತ್ತು. ‘ಕೇ’ ಎಂಬಲ್ಲಿ ಕನ್ನಡ ದೀರ್ಘವನ್ನು ಬಲಕ್ಕೆ ಬೇರೆಯಾಗಿ ಹಾಕುತ್ತದೆ, ತೆಲುಗಿನಲ್ಲಿ ತಲೆಯ ಮೇಲೆ ಒಂದೇ ಗುರುತು. ‘ಸೂರ್ಯ’ ಎಂಬಲ್ಲಿ ಮುಂದೆ ಬರುವ ಅರ್ಕಾವತ್ತನ್ನು ಮೊದಲು ಓದಬೇಕೆಂಬುದು ಅವನಿಗೆ ವಿಚಿತ್ರವೆನಿಸುತ್ತದೆ, ಏಕೆಂದರೆ ತೆಲುಗಿನಲ್ಲಿ ರ ಮೊದಲೇ ನಿಂತು ಯ ಅದಕ್ಕೆ ಒತ್ತಾಗಿ ಬರುತ್ತದೆ. ಇವನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ನೇರವಾಗಿ ಸ್ಟೋರಿವೀವರಿನ ಹಂತ 2ಕ್ಕೆ ಹೋಗಿ.

ಪ್ರಶ್ನೆ: ಶಾಲೆಯ ವಾಟ್ಸ್ಯಾಪ್ ಗುಂಪಿನಲ್ಲಿ ಸೂಚನೆಗಳು ಮಲಯಾಳದಲ್ಲಿ ಬರುತ್ತವೆ. ನನಗೆ ಮಾತು ಅರ್ಥವಾಗುತ್ತದೆ, ಓದಲು ಬರುವುದಿಲ್ಲ.
— ಬದಿಯಡ್ಕ

ಉತ್ತರ: ಮಾತು ಅರ್ಥವಾಗುತ್ತದಾದರೆ ಅನುವಾದಕ್ಕಿಂತ ಓದಿಸಿ ಕೇಳುವುದೇ ಸರಿ. ಸಂದೇಶವನ್ನು ಒತ್ತಿ ಹಿಡಿದು ಕಾಪಿ ಮಾಡಿ, ಗೂಗಲ್ ಟ್ರಾನ್ಸ್‌ಲೇಟಿನಲ್ಲಿ ಮಲಯಾಳದ ಕಡೆ ಅಂಟಿಸಿ, ಧ್ವನಿವರ್ಧಕದ ಚಿಹ್ನೆ ಒತ್ತಿ. ಸೂಚನೆ ಚಿತ್ರವಾಗಿ ಬಂದಿದ್ದರೆ ಲೆನ್ಸಿನಿಂದ ಪಠ್ಯ ಎತ್ತಿ, ಹೀಗೆಯೇ ಕೇಳಿ.

ಕನ್ನಡಕ್ಕೆ ಮಾಡಿಸಿದರೆ ಎಡವಟ್ಟು ಎಲ್ಲಿ ಎಂದು ತಿಳಿದಿರಲಿ. ಮಲಯಾಳದ ಕ್ರಿಯಾಪದದಲ್ಲಿ ಅವನು, ಅವಳು, ಅವರು ಎಂಬ ಭೇದವಿಲ್ಲ, ಕನ್ನಡಕ್ಕೆ ಅದು ಬೇಕು. ಯಂತ್ರ ಏನೋ ಒಂದನ್ನು ಊಹಿಸಿ ಹಾಕುತ್ತದೆ. ‘ತರುತ್ತಾರೆ’ ಎಂದಾಗಬೇಕಾದ್ದು ‘ತರುತ್ತಾನೆ’ ಆಗಿ ಬರಬಹುದು. ತಾರೀಕು, ಗಂಟೆ, ಹಣದ ಮೊತ್ತ ಮೂಲದಲ್ಲೇ ನೋಡಿಕೊಳ್ಳಿ, ಅಂಕಿಗಳು ಓದಲು ಬರುತ್ತವಲ್ಲ. ಪರೀಕ್ಷೆ, ವಿದ್ಯಾರ್ಥಿವೇತನದ ಅರ್ಜಿ ಇಂಥದ್ದಾದರೆ ಟೀಚರಿಗೆ ಒಂದು ಫೋನು ಮಾಡುವುದೇ ಲೇಸು. ಕನ್ನಡದಲ್ಲೂ ಎರಡು ಸಾಲು ಹಾಕಿ ಎಂದು ಪಿಟಿಎ (ಪೋಷಕರ-ಶಿಕ್ಷಕರ ಸಂಘ) ಸಭೆಯಲ್ಲಿ ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ಎಂಟನೇ ತರಗತಿಯ ಮಗಳಿಗೆ ಐಟಿ ಪ್ರಾಯೋಗಿಕ ಇದೆ. ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್. ಶಾಲೆಯದ್ದು ಬೇರೆಯೇ ಥರ ಇದೆ ಎನ್ನುತ್ತಾಳೆ.
— ಕಾಸರಗೋಡು

ಉತ್ತರ: ಕೇರಳದ ಶಾಲೆಗಳಲ್ಲಿರುವುದು ಕೈಟ್ ಸಿದ್ಧಪಡಿಸಿದ, ಉಬುಂಟು ಆಧಾರಿತ ಲಿನಕ್ಸ್, ಅಂದರೆ ವಿಂಡೋಸಿನ ಬದಲು ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ. ಅದು ಪುಕ್ಕಟೆ, ಕೈಟ್ ಜಾಲತಾಣದಿಂದ ಇಳಿಸಬಹುದು. ಕಡತ ಹಲವು ಜಿಬಿ ಇರುವುದರಿಂದ ವೈಫೈ ಇರುವಲ್ಲಿ ಇಳಿಸಿ. ವಿಂಡೋಸನ್ನು ಅಳಿಸುವ ಅಗತ್ಯವಿಲ್ಲ, 16 ಜಿಬಿಯ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಆ ಕಡತವನ್ನು ಪೆನ್‌ಡ್ರೈವಿಗೆ ಸುಮ್ಮನೆ ಕಾಪಿ ಮಾಡಿದರೆ ಓಡುವುದಿಲ್ಲ. ರೂಫಸ್ ಅಥವಾ ಬಲೀನಾ ಎಚ್ಚರ್ ಎಂಬ ಪುಕ್ಕಟೆ ತಂತ್ರಾಂಶದಿಂದ ‘ಬರೆಯಬೇಕು’, ಆಗ ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ. ಲ್ಯಾಪ್‌ಟಾಪ್ ಚಾಲೂ ಮಾಡುವಾಗ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿ. ಹೀಗೆ ಓಡಿಸುವಾಗ ಮಾಡಿದ ಕೆಲಸ ಬಂದ್ ಮಾಡಿದ ಕೂಡಲೇ ಹೋಗುತ್ತದೆ, ಇನ್ನೊಂದು ಪೆನ್‌ಡ್ರೈವಿನಲ್ಲಿ ಉಳಿಸಲು ಹೇಳಿ.

ಇದೆಲ್ಲ ರಗಳೆ ಎನಿಸಿದರೆ, ಪುಸ್ತಕದಲ್ಲಿ ಬರುವ ಲಿಬ್ರೆ ಆಫೀಸ್, ಜಿಯೋಜೀಬ್ರಾ, ಸ್ಕ್ರಾಚ್, ಇಂಕ್‌ಸ್ಕೇಪ್‌ನಂಥವು ವಿಂಡೋಸಿಗೂ ಪುಕ್ಕಟೆ ಸಿಗುತ್ತವೆ. ಅವಳ ಪುಸ್ತಕ ತೆರೆದು ಈ ಭಾಗಕ್ಕೆ ಬೇಕಾದದ್ದನ್ನು ಮಾತ್ರ ಹಾಕಿಕೊಳ್ಳಿ.

ಪ್ರಶ್ನೆ: ಈ ಕಥೆ, ಪಾಠಗಳನ್ನು ಅಚ್ಚು ಹಾಕಿಸಿ ಅಂಗನವಾಡಿಗೆ ಕೊಡಬಹುದೇ? ಒಂದು ಆ್ಯಪ್ ಪಠ್ಯಪುಸ್ತಕಕ್ಕೆ 199 ರೂಪಾಯಿ ಕೇಳುತ್ತಿದೆ, ಕೊಡಬೇಕೇ?

ಉತ್ತರ: ಸ್ಟೋರಿವೀವರಿನ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇವೆ, ಅಂದರೆ ಮಾಡಿದವರ ಹೆಸರು ಹೇಳಿ ಹಂಚಬಹುದು. ಲೇಖಕರು, ಚಿತ್ರಕಾರರು, ಅನುವಾದಕರ ಹೆಸರಿರುವ ಕೊನೆಯ ಪುಟವನ್ನು ಬಿಡದೆ ಅಚ್ಚು ಹಾಕಿಸಿ. ಒಂದು ಎ4 ಹಾಳೆಯ ಒಂದು ಮಗ್ಗುಲಿಗೆ ಎರಡು ಪುಟ ಬರುವಂತೆ ಕೇಳಿದರೆ ಹಾಳೆ ಅರ್ಧ ಉಳಿಯುತ್ತದೆ, ಅಕ್ಷರವೂ ಕಾಣುತ್ತದೆ. ನಾಲ್ಕು ಪುಟ ಹಾಕಿಸಿದರೆ ಚಿಕ್ಕ ಮಕ್ಕಳಿಗೆ ಓದಲಾಗದು.

199 ರೂಪಾಯಿ ಕೊಡಬೇಡಿ. ಮೇಲೆ ಹೇಳಿದ ಪಠ್ಯಪುಸ್ತಕದ ಪಿಡಿಎಫ್‌ಗಳೆಲ್ಲ ಸರಕಾರಿ ತಾಣಗಳಲ್ಲಿ ಪುಕ್ಕಟೆ ಇವೆ. ಹೆಸರು, ಲಾಂಛನ ಹೋಲುವ ಆ್ಯಪುಗಳು ಬಹಳ. ಪ್ಲೇ ಸ್ಟೋರಿನಲ್ಲಿ ಆ್ಯಪಿನ ಹೆಸರಿನ ಕೆಳಗೆ ತಯಾರಕರು ಯಾರು ಎಂದು ನೋಡಿ. ಪುಸ್ತಕ ಓದಲು ಸಂಪರ್ಕಗಳ ಪಟ್ಟಿ, ಎಸ್ಎಂಎಸ್ ಓದುವ ಅನುಮತಿ ಕೇಳಿದರೆ ಅಲ್ಲಿಗೇ ತೆಗೆದುಹಾಕಿ.